ಒಂದು ಮಾತೂ ಬೈಯದೇ ಹೋದವರ ಮೇಲೊಂದು ದೂರು

ಶಿಂಚು ಪಟ್ಟಣದ ಔಷಧದಂಗಡಿಯಲ್ಲಿ ಹಗಲೆಲ್ಲ ಮಾತ್ರೆ ಕಟ್ಟಿಕೊಟ್ಟು, ಉಳಿದ ಹೊತ್ತಿನಲ್ಲಿ ಹಕ್ಕಾ ನುಡಿಯ ಕೀಲಿಮಣೆ ಬಳಗವನ್ನು ಮುನ್ನಡೆಸುತ್ತಿರುವ ಶ್ರೀಮತಿ ಫಾನ್ ಯುನ್-ಚಿನ್ ಅವರ ಸನ್ನಿಧಿಗೆ, ಮಿಯಾವೊಲಿಯ ಕನ್ನಡಕದಂಗಡಿಯ ತ್ಸೆಂಗ್ ಗ್ವಾಂಗ್-ಲಿ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಬಳಗದಲ್ಲಿ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಬರೆದಿಡುವುದರಿಂದ ಯಾರಿಗೆ ನೆಗಡಿಯಾಗಿದೆ ಎಂಬುದೂ ನನಗೆ ತಿಳಿಯುತ್ತದೆ. ಹಾಗಾಗಿ ಈ ದೂರನ್ನೂ ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಫೋನಿನಲ್ಲಿ ನಮ್ಮ ಹಕ್ಕಾ ಮಾತನ್ನು ಬರೆಯಲು ದಾರಿಯೇ ಇಲ್ಲದಿದ್ದಾಗ ಅದಕ್ಕೊಂದು ಕೀಲಿಮಣೆ ಮಾಡಿದವನು ನಾನು. ಇದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂದು ಜಾಲತಾಣದ ಮುಖಪುಟದಲ್ಲಿ ಧಾರಾಳವಾಗಿ ಸಾರಿದವನೂ ನಾನೇ. ಯಾರಾದರೂ ಅದನ್ನು ನಂಬಿ ನಿಜವಾಗಿಯೂ ತಿದ್ದಲು ಬಂದರೆ ಅವರನ್ನು ಓಡಿಸುವ ಕೆಲಸವನ್ನು ಸಹ ಸಂಬಳವಿಲ್ಲದೆ ನಾನೇ ನೋಡಿಕೊಳ್ಳುತ್ತಿದ್ದೆ. ದಕ್ಷಿಣದ ಮೇನೊಂಗ್‌ನಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿ ಲಾಯಿ ಅವರು, ತಮ್ಮ ಕಡೆ ಕೆಲವು ಮಾತುಗಳನ್ನು ಬೇರೆ ರೀತಿ ಆಡುತ್ತಾರೆಂದೂ ಅವನ್ನೂ ಸೇರಿಸಬೇಕೆಂದೂ ಕೋರಿದಾಗ, "ನಿಮ್ಮ ಊರಿನ ತಪ್ಪನ್ನು ನಿಮ್ಮ ಊರಲ್ಲೇ ಇಟ್ಟುಕೊಳ್ಳಿ" ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ ನನ್ನ ಮಿತಭಾಷೆಯನ್ನು ನಾನು ಬಹಳ ಕಾಲ ಮೆಚ್ಚಿಕೊಂಡಿದ್ದೆ. ನಾಯಕನೆಂದರೆ ಹೀಗಿರಬೇಕು ಎಂಬುದು ನನ್ನ ತಿಳಿವಳಿಕೆಯಾಗಿತ್ತು.

ತಾವಿನ್ನೂ ನನ್ನ ಬಳಗದಲ್ಲೇ ಇದ್ದಾಗ, ವರ್ಷದ ಕೂಟಕ್ಕೆಂದು ನಾವೆಲ್ಲ ಅಕ್ಕಿ ಶಾವಿಗೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದು ತಮಗೆ ನೆನಪಿರಬಹುದು. ತಾವು ನನ್ನ ಬಟ್ಟಲಿಗೆ ಸಾರು ಬಡಿಸುತ್ತಾ ಮೆಲ್ಲಗೆ, "ಗ್ವಾಂಗ್-ಲಿ ಅಣ್ಣ, ಬದಲಾವಣೆಗೆ ಒಪ್ಪಿಗೆ ಕೊಡೋ ಅಧಿಕಾರ ನಿಮ್ಮೊಬ್ಬರ ಹತ್ರಾನೇ ಇದೆ. ಇನ್ನಿಬ್ರಿಗೆ ಬೀಗದ ಕೈ ಕೊಟ್ರೆ ನಿಮಗೂ ಬಿಡುವು ಸಿಗುತ್ತಲ್ವಾ" ಎಂದಿರಿ. ನಾನು, "ಬೀಗದ ಕೈ ಎಲ್ಲರ ಹತ್ರ ಇದ್ರೆ ಅದು ಮನೆ ಅಲ್ಲಮ್ಮ, ಬಸ್ ಸ್ಟ್ಯಾಂಡು" ಎಂದೆ. ಎಲ್ಲರೂ ನಕ್ಕರು. ನನ್ನ ಚಾತುರ್ಯಕ್ಕೆ ನಕ್ಕರೆಂದುಕೊಂಡು ನಾನೂ ನಕ್ಕೆ. ಆಗ ಶಾವಿಗೆಯಿಂದ ತಲೆಯೆತ್ತದೆಯೇ ಲಾಯಿ ಮೇಡಂ, "ಬಸ್ ಸ್ಟ್ಯಾಂಡಲ್ಲಾದ್ರೂ ಜನ ಇರ್ತಾರಪ್ಪ" ಎಂದರು.

ಆ ವಾರವೇ ತಾವು ನನ್ನ ಬಳಗ ಬಿಟ್ಟಿರಿ. ಇಷ್ಟು ಕಾಲ ಕಲಿಸಿದ್ದಕ್ಕೆ ಕೃತಜ್ಞತೆಗಳು, ನಿಮ್ಮ ಆರೋಗ್ಯ ಚೆನ್ನಾಗಿರಲಿ ಎಂದಷ್ಟೇ ಬರೆದಿದ್ದಿರಿ. ಅದನ್ನು ಪ್ರಶಸ್ತಿ ಪತ್ರವೆಂದು ತಿಳಿದು ಹೆಂಡತಿಗೆ ಓದಿ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದವಳು, "ಬೈದು ಹೋದೋರು ಸಿಟ್ಟಿಳಿದ ಮೇಲೆ ವಾಪಸ್ ಬರ್ತಾರೆ. ಹೀಗೆ ಥ್ಯಾಂಕ್ಸ್ ಹೇಳಿ ಹೋದೋರು ಬರಲ್ಲ ಕಣ್ರೀ" ಎಂದಳು. ಅವಳಿಗೆ ತಂತ್ರಾಂಶದ ಗಂಧಗಾಳಿ ಇಲ್ಲವೆಂದು ನಾನು ಅದನ್ನು ಇನ್ನೊಮ್ಮೆ ಓದಿಕೊಂಡೆ. ತಮ್ಮ ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಹೋದರು, ಎಲ್ಲರೂ ಕೃತಜ್ಞತೆ ಹೇಳಿಯೇ ಹೋದರು. ನಾನೇ ಕೊಟ್ಟ ಅನುಮತಿಯಂತೆ ನನ್ನ ಕೀಲಿಮಣೆಯನ್ನು ನಕಲು ಮಾಡಿಕೊಂಡು ತಾವು ಬೇರೆ ಒಲೆ ಹೂಡಿದಿರಿ. ನಾನು ಮಾತ್ರ, ತಂಟೆ ತಕರಾರು ಪೂರ್ತಿ ನಿಂತುಹೋದ ಬಳಗಕ್ಕೆ ಏಕೈಕ ನಾಯಕನಾಗಿ, ಪರಮ ಶಾಂತಿಯಿಂದ ಆಳಿಕೊಂಡಿದ್ದೆ.

ಆಮೇಲೆ ನನ್ನ ಪಿತ್ತಕೋಶ ಕೈಕೊಟ್ಟಿತು. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಫೋನುಗಳೊಳಗಿನ ವ್ಯವಸ್ಥೆ ಬದಲಾಗಿ ನನ್ನ ಕೀಲಿಮಣೆ ನಿಂತುಹೋಯಿತು. ಸರಿಪಡಿಸಬೇಕಾದ ಅಧಿಕಾರಿಯ ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ಮೇನೊಂಗ್‌ಗೆ ಮದುವೆಯಾಗಿ ಹೋದ ಚಿಕ್ಕಮ್ಮನಿಗೆ ನನ್ನ ತಾಯಿ ಬೆಳಿಗ್ಗೆ ಎದ್ದಕೂಡಲೇ ಹಕ್ಕಾದಲ್ಲಿ ನಾಲ್ಕು ಸಾಲು ಬರೆಯುವುದು ರೂಢಿ. ಕಿವಿ ಮಂದವಾಗಿ ಫೋನಿನಲ್ಲಿ ಮಾತು ಕೇಳಿಸದ ಅಕ್ಕತಂಗಿಯರಿಗೆ ಉಳಿದಿರುವ ಮಾತುಕತೆ ಅದೊಂದೇ. ಅದೂ ಕಡಿದುಹೋಯಿತಲ್ಲ ಎಂದು ನಾನು ಹಾಸಿಗೆಯಲ್ಲಿ ಒದ್ದಾಡುತ್ತಿದ್ದರೆ, ಕಿತ್ತಳೆ ಹಿಡಿದು ನೋಡಲು ಬಂದ ತಾಯಿ ನಿರಾಳವಾಗಿ, "ನಿಂದು ಕೆಟ್ಟೋಯ್ತು ಅಂತ ಆ ಫಾನ್ ಹುಡುಗೀದು ಹಾಕಿಸ್ಕೊಂಡೆ ಕಣೋ. ಅದರಲ್ಲಿ ನಿನ್ನ ಚಿಕ್ಕಮ್ಮನ ಊರಿನ ಮಾತೂ ಬರುತ್ತೆ. ನೀನ್ಯಾಕೆ ಹಾಕಿರ್ಲಿಲ್ಲ?" ಎಂದು ಕೇಳಿದರು. ನಾನು ಹೊಲಿಗೆ ನೋಯುತ್ತಿದೆ ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಮನೆಗೆ ಬಂದವನು, ತಪ್ಪು ಹುಡುಕುವ ಸದುದ್ದೇಶದಿಂದ ತಮ್ಮ ಕೀಲಿಮಣೆಯನ್ನು ಹಾಕಿಕೊಂಡೆ. ಒಂದು ಸಿಕ್ಕಿತು. ದನಿಯ ಏರಿಳಿತ ತೋರಿಸುವ ಒಂದು ಸ್ವರಚಿಹ್ನೆ ಪದದ ಕೊನೆಯಲ್ಲಿ ಮಾಯವಾಗುತ್ತಿತ್ತು. ಹಿಗ್ಗಿ ಹೀರೇಕಾಯಿಯಾಗಿ ಬುಡ ಕೆದಕಿದರೆ, ಅದಕ್ಕೆ ಕಾರಣವಾದ ಸಾಲನ್ನು ಹಿಂದೆ ಬರೆದವನು ನಾನೇ. ತಿದ್ದಿ ಕಳಿಸಿ, ಹಳೆಯ ಬಾಕಿಯೆಲ್ಲ ಈಗ ತೀರುವುದೆಂದು ಹಲ್ಲು ಕಚ್ಚಿ ಕುಳಿತೆ. ಪರಿಶೀಲಿಸಿದವರು ಲಾಯಿ ಮೇಡಂ. "ಹೊಸಬರಿಗೆ ಸ್ವಾಗತ. ತಿದ್ದುಪಡಿ ಚೆನ್ನಾಗಿದೆ. ಜೊತೆಗೊಂದು ಉದಾಹರಣೆ ಸೇರಿಸಿದರೆ ಇನ್ನೂ ಚೆಂದ. ಆಪರೇಷನ್ ಆಗಿದೆಯಂತೆ, ನಿಧಾನವಾಗಿ ಮಾಡಿ" ಎಂದು ಬರೆದಿದ್ದರು. ಅದನ್ನು ಓದಿ ನಾನು ಹೊತ್ತಿಗೆ ಮುಂಚೆಯೇ ಅಂಗಡಿಯ ಬಾಗಿಲು ಹಾಕಿದೆ.

ಮಾನ್ಯರೇ, ನನ್ನ ದೂರು ಇಷ್ಟೇ. ಬೈಗುಳಕ್ಕೆ ಸಿದ್ಧನಾಗಿ ಬಂದ ಮನುಷ್ಯನಿಗೆ ಈ ರೀತಿ ಮರ್ಯಾದೆ ಕೊಡುವುದು ಯಾವ ನ್ಯಾಯ? ಯಾರನ್ನೂ ಬೈಯಬಾರದೆಂಬ ತಮ್ಮ ಬಳಗದ ನಿಯಮದಿಂದ ನನಗೊಂದು ವಿನಾಯಿತಿ ನೀಡಿ, ಒಮ್ಮೆಯಾದರೂ ತುಂಬಿದ ಸಭೆಯಲ್ಲಿ ನನ್ನನ್ನು ಉಗಿಯಬೇಕು. ಆ ಕೆಲಸಕ್ಕೆ ಲಾಯಿ ಮೇಡಂ ಅವರನ್ನೇ ನೇಮಿಸಬೇಕು. ಅವರಿಗೆ ಮಾತು ಸಾಲದಿದ್ದರೆ ನನ್ನ ಹಳೆಯ ಉತ್ತರಗಳಿಂದ ಬೇಕಾದಷ್ಟು ಎರವಲು ಪಡೆಯಲು ಈ ಮೂಲಕ ಅನುಮತಿ ನೀಡಿದ್ದೇನೆ. ಇದು ಸಾಧ್ಯವಾಗದಿದ್ದರೆ, ಅವರು ಕೇಳಿದ ಉದಾಹರಣೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ, ಸ್ವೀಕರಿಸಬೇಕು. ಅದು ಮೇನೊಂಗ್ ಕಡೆಯ ಪದ, ಚಿಕ್ಕಮ್ಮನನ್ನು ಕೇಳಿ ಬರೆದದ್ದು. ನನ್ನ ಹಳೆಯ ಮುಖಪುಟದಲ್ಲಿ ಈಗ ತಮ್ಮ ವಿಳಾಸವೊಂದನ್ನು ಬಿಟ್ಟು ಬೇರೇನೂ ಇಲ್ಲವೆಂಬುದನ್ನೂ ಅವಗಾಹನೆಗೆ ತರುತ್ತೇನೆ.

ಬೈಸಿಕೊಳ್ಳುವ ಭಾಗ್ಯಕ್ಕಾಗಿ ಕಾದಿರುವ,
ತಮ್ಮ ವಿಶ್ವಾಸಿ,
ತ್ಸೆಂಗ್ ಗ್ವಾಂಗ್-ಲಿ

ತಾ.ಕ.: ನಿನ್ನೆ ಹ್ವಾಲಿಯೆನ್ ಕಡೆಯ ಯಾರೋ ಒಬ್ಬರು, ಮುಖಪುಟದ ಮೊದಲ ಸಾಲಿನಲ್ಲೇ ಉತ್ತರವಿರುವ ಪ್ರಶ್ನೆಯನ್ನು ತಮ್ಮ ಬಳಗದಲ್ಲಿ ಕೇಳಿದ್ದರು. ನಾನು ಅವರಿಗೆ ತಕ್ಕ ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಚಹಾ ಆರಿ ತಣ್ಣಗಾದ ಮೇಲೆ "ಒಳ್ಳೆಯ ಪ್ರಶ್ನೆ" ಎಂದು ಆರಂಭಿಸಿ ವಿವರಿಸಿದೆ. ಅವರು ನನ್ನನ್ನು ಸಾರ್ವಜನಿಕವಾಗಿ "ತುಂಬಾ ತಾಳ್ಮೆಯ ಮನುಷ್ಯ" ಎಂದು ಕರೆದಿದ್ದಾರೆ. ಈ ಮಾನಹಾನಿಗೆ ತಾವೇ ಹೊಣೆ.