ಟೇಪಣ್ಣನ ಖಾಲಿ ಬಿಲ್ಲೆ

ಎಲ್ಲದಕ್ಕೂ ಮೂಲ ಅಕ್ಕನ ಚೊಕ್ಕಟದ ಹುಚ್ಚು.

ಪ್ರಯೋಗಾಲಯದಲ್ಲಿ ಆತನನ್ನು ಎಲ್ಲರೂ ಕರೆಯುತ್ತಿದ್ದುದು ಟೇಪಣ್ಣ ಎಂದೇ. ಪಿಎಚ್.ಡಿ.ಗೆ ಸೇರಿದಂದಿನಿಂದ ಆತನದು ಒಂದೇ ಕೆಲಸ. ಮಾಲಿಬ್ಡಿನಮ್ ಸಲ್ಫೈಡ್ ಎಂಬ ಕರಿಯ ಹರಳಿಗೆ ಅಂಟುಟೇಪು ಹಚ್ಚಿ, ಈರುಳ್ಳಿ ಸುಲಿದಂತೆ ಪದರ ಪದರವಾಗಿ ಕೀಳುವುದು. ಕಿತ್ತಿದ್ದನ್ನು ಸಿಲಿಕಾನ್ ಬಿಲ್ಲೆಗೆ ಒತ್ತುವುದು. ಹರಳು ದಪ್ಪಗಿದ್ದರೆ ಅದರೊಳಗಿನ ಎಲೆಕ್ಟ್ರಾನು ಬೆಳಕು ನುಂಗಿ ಮೇಲೇರುತ್ತದೆ, ಇಳಿಯಲು ನೇರ ದಾರಿ ಸಿಗದೆ ಸುಮ್ಮನೆ ಬಿಸಿಯಾಗಿ ಕೂರುತ್ತದೆ. ಒಂದೇ ಪದರ ಉಳಿದರೆ ದಾರಿ ನೇರವಾಗಿ, ನುಂಗಿದ್ದನ್ನು ಕೆಂಪು ಬೆಳಕಾಗಿ ಕಕ್ಕುತ್ತದೆ. ತೊಂದರೆಯೆಂದರೆ, ಆ ಒಂದು ಪದರ ಬರಿಗಣ್ಣಿಗೆ ಕಾಣುವುದೇ ಇಲ್ಲ.

"ಇವತ್ತು ಸಂಜೆಯೊಳಗೆ ಬೆಳಕು ತೋರ್ಸು. ಇಲ್ದಿದ್ರೆ ಈ ವಿಷಯ ಬೇರೆಯವ್ರಿಗೆ ಕೊಡ್ತೀನಿ" ಎಂದಿದ್ದರು ಗೈಡು.

ಟೇಪಣ್ಣ ಧೈರ್ಯವಾಗಿಯೇ ಬಂದ. ನಿನ್ನೆ ಒತ್ತಿಟ್ಟ ಬಿಲ್ಲೆಯ ಮೇಲೆ ಕರಿಯ ಚೂರುಗಳು ಧಾರಾಳವಾಗಿ ಕೂತಿದ್ದವು. ಈಗ ನೋಡಿದರೆ ಬಿಲ್ಲೆ ಫಳಫಳ ಹೊಳೆಯುತ್ತಿದೆ.

"ಮಸಿ ಮೆತ್ಕೊಂಡಿತ್ತು ಕಣೋ. ಅಸಿಟೋನ್ ಹಾಕಿ ಒರೆಸಿಟ್ಟೆ" ಎಂದಳು ಪಕ್ಕದ ಮೇಜಿನ ಅಕ್ಕ. ಆತನಿಗಿಂತ ಮೊದಲೇ ಸಂಶೋಧನೆಗೆ ಸೇರಿದವಳು, ಹಾಗಾಗಿ ಎಲ್ಲರಿಗೂ ಅಕ್ಕ.

"ಅಕ್ಕಾ, ಅದು ಮಸಿ ಅಲ್ಲ, ನನ್ನ ಬದುಕು."

"ಬದುಕನ್ನ ಮುಚ್ಚಿಡೋಕೆ ಒಂದು ಡಬ್ಬಿ ಇಲ್ವಾ ನಿಂಗೆ?"

ಮತ್ತೆ ಸುಲಿಯೋಣವೆಂದರೆ ಟೇಪೂ ಮುಗಿದಿತ್ತು. ಲೇಸರ್ ನೋಡಿಕೊಳ್ಳುವಾತ ಎಲ್ಲಿಂದಲೋ ಪಾರ್ಸೆಲ್ ಕಟ್ಟುವ ಟೇಪು ತಂದುಕೊಟ್ಟ. ಸುತ್ತ ಜನ ಸೇರಿದರು. ಒಬ್ಬರು ಜೋರಾಗಿ ಕೀಳು ಎಂದರು, ಇನ್ನೊಬ್ಬರು ನಿಧಾನ ಎಂದರು. ಟೇಪಣ್ಣ ಇಬ್ಬರ ಮಾತನ್ನೂ ಕೇಳಿದ. ಸಂಜೆ ಹೊತ್ತಿಗೆ ಹೊಸ ಬಿಲ್ಲೆ ಲೇಸರಿನಡಿ ಹೊಳೆದೇ ಹೊಳೆಯಿತು. ಆತನಿಗೆ ಅಳು ಬರುವಷ್ಟು ಸಂತೋಷವಾಯಿತು.

ಗೈಡು ಬಂದು ಪರದೆಯ ಮೇಲೆ ಆ ಬೆಳಕಿನ ಬಣ್ಣ ತೋರಿಸುವ ಗೆರೆ ನೋಡಿದರು. "ಇದೇನಯ್ಯಾ, ಗುಡ್ಡದ ಹಾಗಿದೆ? ನಮ್ಮ ಹರಳಾದ್ರೆ ಚೂಪಾಗಿ ಏಳ್ಬೇಕು. ಇದು ಟೇಪಿನ ಅಂಟು ಹೊಳೀತಿರೋದು. ಬೇಕಾದ್ರೆ ಖಾಲಿ ಬಿಲ್ಲೆ ಇಟ್ಟು ಹೋಲಿಸಿ ನೋಡು."

ಕೈಗೆ ಸಿಕ್ಕಿದ್ದು ಅಕ್ಕ ಒರೆಸಿದ ಬಿಲ್ಲೆ. ಅದನ್ನೇ ಇಟ್ಟ. ಲೇಸರು ಒಂದು ಮೂಲೆಗೆ ಸರಿದದ್ದೇ ತಡ, ಗೆರೆ ಸೂಜಿಯಂತೆ ಎದ್ದು ನಿಂತಿತು. ಕೆಂಪು ಬಣ್ಣ, ಇರಬೇಕಾದ ಜಾಗದಲ್ಲೇ.

"ಖಾಲಿದು ಇಡು ಅಂದ್ರೆ ಇದ್ಯಾವುದಯ್ಯಾ?"

"ಖಾಲಿನೇ ಸಾರ್." ಟೇಪಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ.

"ಇದನ್ನ ಹೀಗೆ ಮಾಡಿದ್ದು ಯಾರು?"

ಬೆಳಗಿನ ಸಿಟ್ಟೆಲ್ಲ ಒಟ್ಟಿಗೆ ನುಗ್ಗಿತು. "ಅಕ್ಕ ಸಾರ್. ಅಸಿಟೋನ್ ಹಾಕಿ ಒರೆಸಿದ್ಲು. ಪೂರ್ತಿ ಅಕ್ಕಂದೇ. ನಂಗೂ ಇದಕ್ಕೂ ಏನೂ ಸಂಬಂಧ ಇಲ್ಲ."

ಗೈಡು ಅಕ್ಕನ ಕೈ ಕುಲುಕಿದರು. "ಭಲೇ. ದಪ್ಪ ಚೂರೆಲ್ಲ ಒರೆಸಿಹೋಗಿ, ಬಿಲ್ಲೆಗೆ ಕಚ್ಚಿಕೊಂಡಿದ್ದ ಒಂದೇ ಪದರ ಉಳ್ಕೊಂಡಿದೆ. ಇನ್ಮೇಲೆ ಈ ವಿಷಯ ನಿಂದು."

ಅಕ್ಕ ಮರುಗಿ ಟೇಪಣ್ಣನ ಬೆನ್ನು ಸವರಿದಳು.

"ಬೇಜಾರ್ ಮಾಡ್ಕೋಬೇಡ ಕಣೋ. ನಿಂಗೂ ಕೆಲ್ಸ ಇದೆ. ನೀನು ಮಸಿ ಮೆತ್ತು, ನಾನು ಒರೆಸ್ತೀನಿ."