ಗೋಲ್ ಕೀಪರಿಗೆ ನಾನು ವಿಧಿಸಿದ ಶಿಕ್ಷೆ

ತಪ್ಪು ಮಾಡಿದವನಿಗೆ ಏನು ಶಿಕ್ಷೆ ಕೊಡಬೇಕು ಎಂದು ಯಾರಾದರೂ ಕೇಳಿದರೆ ನನ್ನಂಥವನ ಬಾಯಲ್ಲಿ ಉತ್ತರ ಯಾವಾಗಲೂ ಸಿದ್ಧ. ತಪ್ಪು ಮಾಡಿದವನು ದೂರದಲ್ಲಿದ್ದಷ್ಟೂ ಶಿಕ್ಷೆ ದೊಡ್ಡದಾಗುತ್ತದೆ. ನಮ್ಮ ಬೀದಿಯವನಾದರೆ ಬೈದು ಬಿಡುತ್ತೇನೆ. ಶ್ರೀನಿವಾಸಪುರದವನಾದರೆ ಕೆಲಸದಿಂದ ತೆಗೆಸಬೇಕು ಎನ್ನುತ್ತೇನೆ. ಸಮುದ್ರದ ಆಚೆಯವನಾದರೆ ಜೀವನಪೂರ್ತಿ ಅವನು ತಲೆ ಎತ್ತಬಾರದು. ನಾನು ಓದಿರುವುದು ಏಳನೆಯ ತರಗತಿಯವರೆಗೆ, ಅದೂ ಕೊನೆಯ ಪರೀಕ್ಷೆಯ ದಿನ ಸೊಪ್ಪು ಕೊಯ್ಯಲು ಹೋಗಿದ್ದೆ. ಕಾನೂನು ನನಗೆ ಗೊತ್ತಿಲ್ಲ. ಆದರೂ ಒಬ್ಬ ಪರದೇಶದ ಫುಟ್‌ಬಾಲ್ ಆಟಗಾರನಿಗೆ ನಾನು ಟೀ ಹೋಟೆಲಿನ ಬೆಂಚಿನ ಮೇಲೆ ಕೂತು ಒಂದು ತೀರ್ಪು ಕೊಟ್ಟೆ. ಆ ತೀರ್ಪು ಅವನವರೆಗೆ ಹೋಗಲಿಲ್ಲ. ನಮ್ಮ ಮನೆಯ ಹಿಂದಿನ ರೇಷ್ಮೆ ಹುಳದ ಮನೆಗೆ ಬಂದು ನನ್ನ ತಮ್ಮನ ತಲೆಯ ಮೇಲೆ ಬಿತ್ತು. ಅದು ಅಲ್ಲಿ ಬಿದ್ದದ್ದನ್ನು ನೋಡುತ್ತಾ ನಾನು ಸುಮ್ಮನಿದ್ದೆ. ಹೇಳಿಕೊಳ್ಳಬೇಕಾದದ್ದು ಅದೇ.

ಹುತ್ತೂರಿನ ಪಕ್ಕದ ನಮ್ಮ ಹಳ್ಳಿಗೆ ಫುಟ್‌ಬಾಲ್ ಹೇಗೆ ಬಂತು ಎಂದು ಹೊರಗಿನವರು ಕೇಳುತ್ತಾರೆ. ಸುತ್ತಮುತ್ತ ಎಲ್ಲರೂ ಕ್ರಿಕೆಟ್ ಆಡುವವರೇ. ನಮ್ಮ ಶಾಲೆಗೆ ಕೆಜಿಎಫ್ ಕಡೆಯಿಂದ ಚೌಡಪ್ಪ ಎಂಬ ಡ್ರಿಲ್ ಮೇಷ್ಟ್ರು ಬಂದರು. ಶಾಲೆಯ ಬೀರುವಿನಲ್ಲಿದ್ದದ್ದು ಒಂದೇ ಚೆಂಡು, ಅದು ಫುಟ್‌ಬಾಲ್. ಬ್ಯಾಟು ಬರುವವರೆಗೆ ಇದನ್ನು ಆಡಿ ಎಂದರು. ಬ್ಯಾಟು ಬರಲೇ ಇಲ್ಲ. ಹೀಗೆ ನಾವು ಫುಟ್‌ಬಾಲಿನವರಾದೆವು. ಮೇಷ್ಟ್ರು ನಿವೃತ್ತರಾಗಿ ಇಲ್ಲೇ ಉಳಿದಿದ್ದಾರೆ. ನನಗೀಗ ನಲವತ್ತೈದು, ತಮ್ಮ ನಾಗೇಶನಿಗೆ ಮೂವತ್ತಾರು. ಇಬ್ಬರೂ ಆಡುವುದನ್ನು ಬಿಟ್ಟು ವಾದ ಮಾಡುವುದನ್ನು ಹಿಡಿದಿದ್ದೇವೆ. ಹೊರದೇಶದ ಆಟ ನಡೆಯುವ ಹೊತ್ತಿಗೆ ನಾವು ನಿದ್ದೆಯಲ್ಲಿರುತ್ತೇವೆ. ಬೆಳಗ್ಗೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಮೊಬೈಲ್ ನಿಲ್ಲಿಸಿಕೊಂಡು ಬರೀ ಗೋಲುಗಳನ್ನು ನೋಡುತ್ತೇವೆ. ನನ್ನದು ಕೆಂಪು ಅಂಗಿಯ ತಂಡ, ಅವನದು ನೀಲಿ. ಆ ಊರುಗಳು ಭೂಪಟದಲ್ಲಿ ಎಲ್ಲಿವೆ ಎಂದು ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ.

ಈ ನೀಲಿ ತಂಡದ ಗೋಲ್ ಕೀಪರ್ ಸಿಕ್ಕಿಬಿದ್ದ. ರಜೆಯ ದಿನ ಯಾರದೋ ಹುಟ್ಟುಹಬ್ಬದಲ್ಲಿ ಮೂಗಿಗೇರಿಸುವ ಬಿಳಿ ಪುಡಿ ತೆಗೆದುಕೊಂಡಿದ್ದನಂತೆ. ಪರೀಕ್ಷೆಯಲ್ಲಿ ಗೊತ್ತಾಗಿ, ಕೆಲವು ತಿಂಗಳು ಆಡಬಾರದೆಂದು ಹೊರಗಿಟ್ಟರು. ನಮ್ಮ ರೆಡ್ಡೆಪ್ಪನ ಟೀ ಹೋಟೆಲಿನಲ್ಲಿ ಆ ದಿನ ಟೀ ಆರಿಹೋದವು.

"ಕೆಲವು ತಿಂಗಳು ಏನು, ಜೀವನಪೂರ್ತಿ ಆಚೆ ಹಾಕ್ಬೇಕು," ಎಂದೆ ನಾನು.

"ಅಣ್ಣ, ಅದು ಓಡೋಕೆ ಶಕ್ತಿ ಕೊಡೋ ಔಷಧಿ ಅಲ್ಲ," ಎಂದ ನಾಗೇಶ. "ಆಟದಲ್ಲಿ ಅವನೇನು ಮೋಸ ಮಾಡಿಲ್ಲ. ರಜದಲ್ಲಿ ಅವನ ಪಾಡಿಗೆ ಅವನು ಏನೋ ಮಾಡ್ಕೊಂಡವ್ನೆ."

"ರಜದಲ್ಲಿ ತಗೊಂಡಿದ್ದು ರಜ ಮುಗಿದ ತಕ್ಷಣ ಮೈಯಿಂದ ಇಳಿದುಹೋಗುತ್ತೇನಪ್ಪ?" ಎಂದರು ಚೌಡಪ್ಪ ಮೇಷ್ಟ್ರು. "ಅವನನ್ನ ನಂಬಿ ಹತ್ತು ಜನ ಮುಂದೆ ಆಡ್ತಿರ್ತಾರೆ. ಶಿಕ್ಷೆ ಬೇಕು. ಆದರೆ ಡಾಕ್ಟರ ಹತ್ರಾನೂ ಕಳಿಸ್ಬೇಕು."

ರೆಡ್ಡೆಪ್ಪ ರಾಯಲ್ಪಾಡು ಕಡೆಯವನು. ಸಿಟ್ಟು ಬಂದರೂ ನ್ಯಾಯ ಹೇಳಿದರೂ ಅವನಿಗೆ ತೆಲುಗೇ ಬರುವುದು. "ಗೋಲ್ ಆಪ್ನಾಡಾ ಲೇದಾ, ಅದಿ ಚೆಪ್ಪಂಡಿ ಮುಂದು," ಎಂದ. ಅವನ ಪ್ರಕಾರ ಗೋಲು ತಡೆದನೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಇದೇ ಅಳತೆಯಲ್ಲಿ ಅವನು ತನ್ನ ಟೀಯನ್ನೂ ಅಳೆಯುತ್ತಾನೆ. ಬಿಸಿಯಾಗಿದೆಯೋ ಇಲ್ಲವೋ, ಅಷ್ಟೇ. ರುಚಿಯ ಮಾತು ಎತ್ತಬಾರದು.

"ಸಿಕ್ಕಿಬೀಳೋಕೆ ಮುಂಚೆ ಅವನೇ ಹೇಳ್ಬೇಕಿತ್ತು," ಎಂದೆ ನಾನು.

"ಹೇಳಿದ್ರೆ ನೀನು ಬಿಡ್ತಿದ್ಯಾ?" ಎಂದ ನಾಗೇಶ.

"ಬಿಡ್ತಿರಲಿಲ್ಲ."

"ಮತ್ತೆ ಯಾಕಣ್ಣ ಹೇಳ್ತಾನೆ? ಬಾಯಿ ಬಿಟ್ರೆ ಜೀವನಪೂರ್ತಿ ಆಚೆ ಅನ್ನೋರ ಮುಂದೆ ಯಾವನು ಬಾಯಿ ಬಿಡ್ತಾನೆ?"

ನಾನು ಗದ್ದ ಮೇಲೆತ್ತಿ, ತುಟಿ ಬಿಗಿಹಿಡಿದು, ತಲೆಯನ್ನಷ್ಟೇ ಆಡಿಸಿದೆ. ನೋಡಿದವರು ಅದನ್ನು ಗಾಂಭೀರ್ಯ ಎಂದುಕೊಂಡರು. ನಿಜ ಬೇರೆ. ಮಾತಿನ ಮಧ್ಯೆ ನನ್ನ ಕೆಳತುಟಿಯೊಳಗೆ ಹೊಗೆಸೊಪ್ಪು ಸೇರಿಕೊಂಡಿತ್ತು. ಅದಿರುವಾಗ ಬಾಯಿ ಪೂರ್ತಿ ತೆರೆಯುವಂತಿಲ್ಲ, ರಸ ಇಳಿಯುತ್ತದೆ. ಹಾಗಾಗಿ ನಾನು ಎರಡು ಮೂರು ಮಾತಿನಲ್ಲೇ ತೀರ್ಪು ಮುಗಿಸುತ್ತಿದ್ದೆ. ಸೀನಣ್ಣ ಕಡಿಮೆ ಮಾತಾಡ್ತಾನೆ, ತೂಕವಾಗಿ ಮಾತಾಡ್ತಾನೆ ಎಂದು ಊರಿನಲ್ಲಿ ನನಗೆ ಬಂದಿರುವ ಒಳ್ಳೆಯ ಹೆಸರು ಹೀಗೆ ಬಂದದ್ದು.

ಈ ಹೊಗೆಸೊಪ್ಪನ್ನು ನಾನು ಬಿಟ್ಟು ಐದು ವರ್ಷವಾಗಿದೆ ಎಂದು ನಮ್ಮಕ್ಕ ರತ್ನಮ್ಮ ನಂಬಿದ್ದಳು. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾಳೆ. ಅಮ್ಮ ಬೇಗ ಹೋದ್ದರಿಂದ ನಮ್ಮಿಬ್ಬರನ್ನು ಎತ್ತಿ ಬೆಳೆಸಿದವಳೂ ಅವಳೇ. ಕೋಲಾರದ ಡಾಕ್ಟರು ನನ್ನ ಬಾಯೊಳಗೆ ಒಂದು ಬಿಳಿ ಕಲೆ ನೋಡಿ ಹೆದರಿಸಿದಾಗ, ಅವಳು ನನ್ನನ್ನು ಕುರುಡುಮಲೆಗೆ ಕರೆದುಕೊಂಡು ಹೋಗಿ ಗಣಪತಿಯ ಮುಂದೆ ಮಾತು ತೆಗೆದುಕೊಂಡಳು. ಅಷ್ಟು ದೊಡ್ಡ ಗಣಪತಿಗೆ ನಾನು ಮೆಲ್ಲಗೆ ಹೇಳಿದ್ದು ಕೇಳಿಸಿತೋ ಇಲ್ಲವೋ. ಅಕ್ಕನಿಗೆ ಕೇಳಿಸಿತ್ತು. ನಾಲ್ಕು ವರ್ಷ ನಡೆಸಿದೆ. ಆಮೇಲೆ ಒಂದು ಮದುವೆಯಲ್ಲಿ ಯಾರೋ ಅಂಗೈ ಚಾಚಿದರು, ನಾನೂ ಚಾಚಿದೆ.

ಬಾಯಿಗೆ ಮಾತ್ರ ಕೆಟ್ಟದಾಗಿದ್ದರೆ ಅದು ನನ್ನ ಪಾಡಾಗಿರುತ್ತಿತ್ತು. ಆದರೆ ನಾವು ರೇಷ್ಮೆ ಹುಳ ಸಾಕುವವರು. ಹೊಗೆಸೊಪ್ಪು ಹುಳಕ್ಕೆ ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿ ಹಾಕಿದರೆ ಸಾಕು, ತಿಂದ ಹುಳ ತಲೆಯೆತ್ತಿ ತೂಗಾಡಿ ಹಸಿರು ಕಕ್ಕುತ್ತದೆ. ಅದಕ್ಕೇ ಹುಳದ ಮನೆಯ ಬಾಗಿಲಲ್ಲಿ ಅಕ್ಕ ಬಕೆಟ್ಟು, ಸೋಪು ಇಟ್ಟಿರುತ್ತಾಳೆ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದ ಬೀಗರನ್ನೇ ಹೊಸ್ತಿಲ ಆಚೆ ನಿಲ್ಲಿಸಿ ಮಾತಾಡಿಸಿ ಕಳಿಸಿದವಳು ಅವಳು. ಹೊಗೆಸೊಪ್ಪಿನವನಿಗೆ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ನಾನೂ ಎಚ್ಚರವಾಗಿದ್ದೆ. ಸುಣ್ಣ ಸೇರಿಸಿ ಅಂಗೈಯಲ್ಲಿ ತಿಕ್ಕಿದ ಮೇಲೆ ಎರಡು ಸಲ ಸೋಪು ಹಾಕುತ್ತಿದ್ದೆ. ಮನುಷ್ಯ ಎರಡು ಸಲ ಸೋಪು ಹಾಕುವುದನ್ನು ದಿನಾ ನೆನಪಿಟ್ಟುಕೊಳ್ಳುವುದಿಲ್ಲ.

ಹೋಟೆಲಿನಲ್ಲಿ ಆ ವಾದ ನಡೆದದ್ದು ಹುಳ ನಾಲ್ಕನೆಯ ಜ್ವರದಿಂದ ಎದ್ದ ಮೂರನೆಯ ದಿನ. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುವ ಕಾಲ. ನಾಲ್ಕು ಸಲ ಹೀಗೆ ಕೂತೆದ್ದ ಮೇಲೆ ಹುಳ ತಿನ್ನುವ ಸದ್ದು ಹೊರಗಿನ ಜಗಲಿಗೂ ಕೇಳುತ್ತದೆ. ಆ ಬೆಳಗ್ಗೆ ಹೋಟೆಲಿನಿಂದ ನೇರವಾಗಿ ಬಂದು ನಾನು ಹುಳ ಹರಡಿದ್ದ ಮೇಲಿನ ಅಟ್ಟಣೆಯ ತುದಿಗೆ ಸೊಪ್ಪು ಹಾಕಿದೆ. ಮಧ್ಯಾಹ್ನ ಅಕ್ಕ ನೋಡಿದಾಗ ಆ ತುದಿಯ ಹುಳಗಳು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು. ನಾಗೇಶ ಓಡಿ ಬಂದು ಕಿಟಕಿಗಳನ್ನು ತೆಗೆದ, ಆ ಸೊಪ್ಪನ್ನೆಲ್ಲ ಎತ್ತಿ ಹೊರಗೆ ಹಾಕಿ ಹೊಸ ಸೊಪ್ಪು ತಂದ. ಒಂದಷ್ಟು ಹುಳ ಸತ್ತವು, ಉಳಿದವು ಸುಧಾರಿಸಿಕೊಂಡವು. ಅವನು ಸತ್ತ ಹುಳಗಳನ್ನು ಒಂದೊಂದಾಗಿ ಆರಿಸುವಾಗ ಮುಖ ನೋಡಲಾಗುತ್ತಿರಲಿಲ್ಲ. ತರಬೇತಿಗೆ ಹೋಗಿ ಕಲಿತು ಬಂದು ಈ ಹುಳದ ಮನೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಸಿದವನು ಅವನು. ನಾನು ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದೆ.

"ಯಾರೋ ಹೊಗೆಸೊಪ್ಪಿನ ಕೈ ಇಟ್ಟವ್ರೆ," ಎಂದಳು ಅಕ್ಕ.

ಸಂಜೆ ಅವಳು ಹಾಲು ಹಾಕಲು ಡೈರಿಗೆ ಹೋದಳು. ಹೋಟೆಲಿನ ವಾದ ಅಷ್ಟರಲ್ಲಿ ಡೈರಿಯ ಸಾಲಿಗೆ ಬಂದಿತ್ತು. ಅಮಲಿನ ಪದಾರ್ಥ ತಗೊಂಡ್ರೆ ತಪ್ಪೇನು ಎಂದು ನಿಮ್ಮ ನಾಗೇಶ ವಾದ ಮಾಡಿದನಂತೆ ಎಂದು ಯಾರೋ ಹೇಳಿದರು. ಅಕ್ಕ ಕ್ಯಾನು ಹಿಡಿದುಕೊಂಡೇ ತನಿಖೆ ಮುಗಿಸಿದಳು. ತಗೊಳ್ಳುವವನ ಪರ ಮಾತಾಡುವವನು ತಗೊಳ್ಳದೆ ಇರುತ್ತಾನೆಯೆ? ತಗೊಂಡವನನ್ನು ಜೀವನಪೂರ್ತಿ ಆಚೆ ಹಾಕಬೇಕು ಎಂದ ಸೀನ ಎಂಥವನು?

ಮನೆಗೆ ಬಂದವಳೇ ಇಬ್ಬರನ್ನೂ ಜಗಲಿಗೆ ಕರೆದಳು. "ಸೀನ, ಇವನ ಜೇಬು ನೋಡೋ," ಎಂದಳು ನನಗೆ.

ನಾನು ನೋಡಿದೆ. ಹೌದು, ನೋಡಿದೆ. ತಮ್ಮನ ಜೇಬಿಗೆ ಕೈ ಹಾಕಿದಾಗ ಅದರಲ್ಲಿ ಇದ್ದದ್ದು ಒಂದು ಕೀ, ಎರಡು ಹುಣಸೆ ಬೀಜ. ನನ್ನ ಜೇಬಿನಲ್ಲಿ ಇದ್ದದ್ದನ್ನು ಯಾರೂ ಕೇಳಲಿಲ್ಲ.

"ಅಕ್ಕ, ನಾನು ಮುಟ್ಟಲ್ಲ, ಆಣೆಗೂ ಮುಟ್ಟಲ್ಲ," ಎಂದ ನಾಗೇಶ.

"ಜೇಬಲ್ಲಿಲ್ಲ ಅಂದ್ರೆ ಮುಗಿಸಿದ್ದೀಯ ಅಂತ. ಬೆಳೆ ಮುಗಿಯೋವರ್ಗೂ ನೀನು ಹುಳದ ಮನೆಗೆ ಕಾಲಿಡ್ಬೇಡ. ಏನಂತೀಯ ಸೀನ?"

ನಾನು ತಲೆ ಆಡಿಸಿದೆ. ಅಕ್ಕನಿಗೆ ಅದೂ ತೂಕವಾಗಿಯೇ ಕಂಡಿತು.

ಆಮೇಲಿನ ನಾಲ್ಕು ದಿನ ನಾಗೇಶ ಹೊರಗೆ ಹೊಂಗೆ ಮರದ ಕೆಳಗೆ ಕೂತು ಸೊಪ್ಪಿನ ಕಡ್ಡಿ ಕಟ್ಟಿ ಕಟ್ಟಿ ಬಾಗಿಲವರೆಗೆ ತಂದಿಟ್ಟು ಹೋಗುತ್ತಿದ್ದ. ಒಳಗೆ ಹೋದವರನ್ನೆಲ್ಲ ನಿಲ್ಲಿಸಿ, ಸೆಕೆ ಎಷ್ಟಿದೆ, ಗೋಣಿ ಒದ್ದೆ ಮಾಡಿದ್ರಾ, ಮೂಲೆಯ ಹುಳ ತಿಂತಿದ್ಯಾ ಎಂದು ಕೇಳುತ್ತಿದ್ದ. ಹೆಂಡತಿ ಹೆರಿಗೆಗೆ ಹೋದಾಗ ಆಸ್ಪತ್ರೆಯ ಹೊರಗೆ ನಿಂತ ಗಂಡಸಿನ ಹಾಗೆ. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ಅವನು ಮಾಡಿಕೊಳ್ಳಲಿಲ್ಲ. "ಅಕ್ಕನ ಮುಂದೆ ನೀನಾದ್ರೂ ಏನು ಹೇಳಕ್ಕಾಗುತ್ತೆ ಬಿಡಣ್ಣ," ಎಂದ. ನಾನು ಪೊಟ್ಟಣವನ್ನು ಬಾವಿಯ ಪಕ್ಕದ ಹಳ್ಳಕ್ಕೆ ಎಸೆದೆ. ಮಾರನೆಯ ದಿನ ಹೋಗಿ ಹುಡುಕಿದೆ. ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹೊಗೆಸೊಪ್ಪು ಬಿಟ್ಟವನಾದೆ. ನಿಜ ಹೇಳಿಬಿಡೋಣ ಎಂದು ಜಗಲಿಯವರೆಗೆ ಮೂರು ಸಲ ಹೋದೆ. ಹೋದಾಗಲೆಲ್ಲ ಬಾಯಿ ಬಿಟ್ಟರೆ ಜೀವನಪೂರ್ತಿ ಆಚೆ ಎಂದ ಒಬ್ಬ ಕಠಿಣ ಮನುಷ್ಯನ ನೆನಪಾಗುತ್ತಿತ್ತು. ಅವನು ನಾನೇ.

ಐದನೆಯ ದಿನ ಹುಳ ಹಣ್ಣಾದವು. ಮೇವು ಬಿಟ್ಟು, ಮೈ ಹೊಳೆಯುತ್ತಾ, ನೂಲು ಬಿಡಲು ಜಾಗ ಹುಡುಕುವ ಹೊತ್ತದು. ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ನೂಲೆಲ್ಲ ಅಟ್ಟಣೆಯ ಪಾಲು. ಎಷ್ಟು ಕೈ ಇದ್ದರೂ ಸಾಲದು, ಅದರಲ್ಲೂ ನಾಗೇಶನ ಕೈ ಬೇಕೇ ಬೇಕು. ಅವನು ಕಿಟಕಿಯ ಹೊರಗೆ ನಿಂತು, "ಅಕ್ಕ, ಬಲಗಡೆ ಮೂಲೇಲಿ ಹಣ್ಣಾಗವೆ ನೋಡು, ಅದನ್ನ ಮೊದ್ಲು ಎತ್ತು," ಎನ್ನುತ್ತಿದ್ದ. ಅಕ್ಕ ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಂಡು ಬಲಗಡೆಯ ಮೂಲೆಗೇ ಹೋಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅವನನ್ನ ಒಳಗೆ ಕರಿ. ಹೊಗೆಸೊಪ್ಪು ನಂದು."

ಅಕ್ಕ ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಯ ಮೇಲೆ ಬಿಟ್ಟಳು. ಬಿಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಯಾವತ್ತಿಂದ?"

"ಇದೊಂದೇ ಬೆಳೆ," ಎಂದೆ.

"ಆಚೆ ನಡಿ. ಜೀವನಪೂರ್ತಿ. ನೀನೇ ಹೋಟೆಲಲ್ಲಿ ಹೇಳಿದ್ಯಂತಲ್ಲ."

ನಾನು ಹೊರಗೆ ಬಂದೆ. ನಾಗೇಶ ಕೈ ತೊಳೆಯುತ್ತಿದ್ದ. ನನ್ನನ್ನು ಒಂದು ಸಲ ನೋಡಿದ. ಆ ನೋಟವನ್ನು ನಾನು ಬರೆಯಲಾರೆ. "ನನ್ನ ಜೇಬು ನೋಡಿದ್ಯಲ್ಲಣ್ಣ," ಎಂದ, ಅಷ್ಟೇ. ಒಳಗೆ ಹೋದ. ನಾನು ಹೊಂಗೆ ಮರದ ಕೆಳಗೆ ಅವನು ಕೂರುತ್ತಿದ್ದ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವನ ದನಿ ಕೇಳಿತು. ಗೋಲ್ ಕೀಪರನ ಪರ ಆಡಿದ ಮಾತನ್ನೇ ಒಂದೊಂದಾಗಿ ನನ್ನ ಪರ ಆಡುತ್ತಿದ್ದ. "ಹುಳ ಸಾಯಿಸ್ಬೇಕು ಅಂತ ಹಾಕ್ಕೊಂಡಿಲ್ಲಕ್ಕ. ಅದು ಚಟ, ಬಿಡಿಸ್ಬೇಕು. ಅವನಾಗೇ ಬಂದು ಹೇಳಿದ್ನಲ್ಲ. ಈಗ ಪೂರ್ತಿ ಆಚೆ ಹಾಕಿದ್ರೆ ಇನ್ನೊಂದಿನ ಬಾಯಿ ಬಿಡ್ತಾನಾ?"

ಶಿಕ್ಷೆ ಕಡಿಮೆಯಾಯಿತು. ಈಗ ನಾನು ಹುಳದ ಮನೆಗೆ ಹೋಗಬಹುದು. ಆದರೆ ದಿನಾ ಬಾಗಿಲಲ್ಲಿ ನಿಂತು ಎರಡೂ ಅಂಗೈ ಚಾಚಬೇಕು, ಅಕ್ಕ ಮೂಸಿ ನೋಡುತ್ತಾಳೆ. ಆಮೇಲೆ "ಆ ಅನ್ನು" ಎನ್ನುತ್ತಾಳೆ, ನಾನು ಬಾಯಿ ತೆರೆಯಬೇಕು. ಬಾಯಿ ಖಾಲಿಯಿರುವುದರಿಂದ ಹೋಟೆಲಿನಲ್ಲೂ ಈಗ ಜಾಸ್ತಿ ಮಾತಾಡುತ್ತೇನೆ, ಹಾಗಾಗಿ ತೂಕದವನೆಂಬ ಹೆಸರು ಹೋಯಿತು. ಗೋಲ್ ಕೀಪರನ ಬಗ್ಗೆ ಕೇಳಿದರೆ, ಅವನ ಮನೆಯ ಪರಿಸ್ಥಿತಿ ಹೇಗಿತ್ತೋ ನೋಡಬೇಕು, ಅವನಿಗೂ ಅಕ್ಕತಮ್ಮಂದಿರು ಇರುತ್ತಾರೆ ಎನ್ನುತ್ತೇನೆ.

ಎಲ್ಲ ಒಪ್ಪಿಕೊಂಡು ಹಗುರಾದೆ ಎಂದು ಮುಗಿಸಬಹುದಿತ್ತು. ಆದರೆ "ಇದೊಂದೇ ಬೆಳೆ" ಎಂದೆನಲ್ಲ, ಅದು ಸುಳ್ಳು. ಹಿಂದಿನ ಬೆಳೆಯಲ್ಲೂ ಒಂದಷ್ಟು ಹುಳ ಹೀಗೇ ತಲೆ ತೂಗಿದ್ದವು. ಪಕ್ಕದ ತೋಟದ ಮುನಿವೆಂಕಟಪ್ಪ ಟೊಮೇಟೊಗೆ ಔಷಧಿ ಹೊಡೆದದ್ದು ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬಿದ್ದಿದೆ ಎಂದು ಅಕ್ಕ ಬದುವಿನ ಮೇಲೆ ನಿಂತು ಅವನನ್ನು ಬೈದಿದ್ದಳು. ಅವತ್ತಿನಿಂದ ಅವರಿಬ್ಬರಿಗೂ ಮಾತಿಲ್ಲ. ಪಾಪ, ಆ ಮನುಷ್ಯ ಅಂದಿನಿಂದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಒಂದು ಬಟ್ಟೆ ತುಂಡು ಕಟ್ಟಿ ನೋಡಿಕೊಂಡೇ ಔಷಧಿ ಹೊಡೆಯುತ್ತಾನೆ. ದಿನಾ ಬೆಳಗ್ಗೆ ಅಕ್ಕ ಇಲ್ಲದ ಹೊತ್ತು ನೋಡಿ ಬೇಲಿಯ ಹತ್ತಿರ ಬಂದು, "ಹುಳ ಹೆಂಗವೆ ಸೀನಪ್ಪ?" ಎಂದು ಕೇಳುತ್ತಾನೆ.

"ಈ ಸಲ ಪರವಾಗಿಲ್ಲ," ಎನ್ನುತ್ತೇನೆ ನಾನು, "ನೀನು ಸ್ವಲ್ಪ ಹುಷಾರಾಗಿ ಹೊಡಿ."