ಫೋಟೊದ ಮೂಲೆಯ ಹೆಬ್ಬೆರಳು

ಸಾಯುವ ಹಿಂದಿನ ದಿನ ನಮ್ಮವರು ಬದನೆಕಾಯಿಯ ಫೋಟೊ ತೆಗೆದರು. ನಾನು ರೊಟ್ಟಿ ಬಡಿಯುತ್ತಿದ್ದೆ. ತಲೆಗೆ ಟವೆಲ್ಲು ಸುತ್ತಿಕೊಂಡು (ಬೆಳಗಿನ ಥಂಡಿ ಅವರ ಕಿವಿಗೆ ಆಗುತ್ತಿರಲಿಲ್ಲ) ಬಾಜು ಬಂದು ಕೂತರು.

"ಏ ಶಿವಲಿಂಗವ್ವ, ಇಕ್ಕಡೆ ನೋಡ."

"ಕೈಯೆಲ್ಲಾ ಹಿಟ್ಟಾಗೇತಿ. ಆ ಬದನಿಕಾಯಿದ ತಗೀರಿ. ಅದಾದ್ರೂ ಸುಮ್ನ ಕುಂದರತೈತಿ."

ತೆಗೆದರು. ಅರ್ಧ ಬದನೆಕಾಯಿ, ಅರ್ಧ ಅವರ ಹೆಬ್ಬೆರಳು. ಗುರುಪಾದಪ್ಪ ಎಂಬ ಈ ಮಹಾ ಛಾಯಾಗ್ರಾಹಕರ ಯಾವ ಫೋಟೊ ನೋಡಿದರೂ ಮೂಲೆಗೊಂದು ಹೆಬ್ಬೆರಳು. ಮಗಳ ಮದುವೆಯಲ್ಲಿ ಬೀಗರ ಮುಖವನ್ನೇ ಮುಚ್ಚಿದ ಬೆರಳು ಅದು.

ಮರುದಿನ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ದೇವರ ಜಗುಲಿಯ ಪಕ್ಕ ಅವರ ಫೋಟೊ ಇಟ್ಟೆ. ಫೋಟೊದ ಮುಂದೆ ಅವರ ಫೋನು ಇಟ್ಟೆ. ಅದನ್ನು ಬಿಟ್ಟು ಬಚ್ಚಲಿಗೂ ಹೋದವರಲ್ಲ. ಅದರ ಬೆನ್ನಿಗೆ ಮೂರು ಕಣ್ಣಿನ ಕ್ಯಾಮೆರಾ. ಮುಕ್ಕಣ್ಣ ಅಂದಮೇಲೆ ವಿಭೂತಿ ಬೇಡವೇ? ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ, ಬೆನ್ನಿಗೆ ವಿಭೂತಿ ಎಳೆದು, ಆ ಮೂರು ಕಣ್ಣು ನನ್ನ ಕಡೆ ತಿರುಗಿಸಿ ಮುಖದೆದುರು ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಆಮೇಲೆ ಚಾರ್ಜಿಗೆ ಹಾಕುತ್ತಿದ್ದೆ. ಬ್ಯಾಟರಿ ಇಳಿದರೆ ಅವರು ಇನ್ನೊಮ್ಮೆ ಸತ್ತಂತೆ ಅನ್ನಿಸುತ್ತಿತ್ತು.

ಕಣ್ಣು ಮುಚ್ಚಿದಾಗ ಒಂದೊಂದು ದಿನ ಫಳ್ ಎಂದು ಮಿಂಚುತ್ತಿತ್ತು. ದೇವರು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಒಂದು ದಿನ ಖಾನಾಪುರದಿಂದ ಮಗಳು ನೀಲಾ ನನ್ನ ಫೋನಿಗೆ ಕರೆ ಮಾಡಿದಳು. ಅಲ್ಲಿ ಅವಳದೂ ಅಳಿಯನದೂ ಫೋಟೊ ಸ್ಟುಡಿಯೊ ಇದೆ.

"ಅವ್ವಾ, ಅಪ್ಪನ ಫೋನ್ ಯಾರ ಕಡೆ ಐತಿ?"

"ಅಪ್ಪನ ಕಡೆ."

"ಚ್ಯಾಷ್ಟಿ ಬಿಡ. ಅದರಾಗಿಂದ ಹೊಸಾ ಫೋಟೊ ಬರಾಕತ್ತಾವ."

ಅಪ್ಪನ ಫೋನಿನಲ್ಲಿ ತೆಗೆದದ್ದೆಲ್ಲ ತಾನಾಗಿ ತನ್ನ ಕಂಪ್ಯೂಟರಿಗೆ ಬಂದು ಬೀಳುವ ಹಾಗೆ ಅವಳು ಹಿಂದೆಯೇ ಮಾಡಿಟ್ಟಿದ್ದಳು. ಸಂಜೆಯ ಬಸ್ಸಿಗೆ ಲ್ಯಾಪ್‌ಟಾಪು ಹಿಡಿದುಕೊಂಡು ಬೆಳಗಾವಿಗೆ ಬಂದಳು. ತೆರೆದು ತೋರಿಸಿದಳು.

ಎಲ್ಲ ಬಿಳಿ ಹೊಗೆ. ಹೊಗೆಯೊಳಗೆ ತಲೆಗೆ ಬಟ್ಟೆ ಹೊದ್ದ ಒಂದು ಆಕಾರ. ಕಣ್ಣಿಲ್ಲ. ಮೂಲೆಗೊಂದು ಹೆಬ್ಬೆರಳು.

ತಿರುಗಿ ಜಗುಲಿ ಪಕ್ಕದ ಫೋನು ನೋಡಿದೆ.

"ಹಳೇವ ಇರಬೇಕ," ಅಂದೆ.

"ನಾನೂ ಹಂಗ ಅಂದ್ಕೊಂಡೆ. ಆದರ ಫೋಟೊದ ಹೊಟ್ಟಿಯೊಳಗ ಎಲ್ಲಾ ಬರದಿರತೈತಿ ಅವ್ವಾ. ಯಾವ ಫೋನು, ಯಾವಾಗ, ಎಲ್ಲಿ. ಬರೀ ಕಣ್ಣಿಗೆ ಕಾಣೂದಿಲ್ಲ. ಅದನ್ನ ಹೊರಗ ತಗಿಯೂ ಸಾಫ್ಟ್‌ವೇರ್ ಐತಿ. ಲಗ್ನದ ಫೋಟೊ ಹೊಂದಸಾಕ ಇಟ್ಕೊಂಡೇವಿ."

ಒತ್ತಿದಳು. ಸಾಲಾಗಿ ಅಕ್ಷರ ಬಂದವು. ಅವಳು ಓದುತ್ತಾ ಹೋದ ಹಾಗೆ ಅವಳ ದನಿ ಇಳಿಯಿತು.

"ಫೋನು ಅಪ್ಪಂದ. ಜಾಗಾ ಶಿವಬಸವ ನಗರ, ಇದ ಮನಿ. ತಾರೀಖು..."

"ಹೇಳ."

"ಇವತ್ತಿಂದ."

ಅವಳು ಹೆದರಿ ನನಗೆ ಆತುಕೊಂಡಳು. ನನಗೆ ಹೆದರಿಕೆಗಿಂತ ಸಿಟ್ಟು ಬಂತು. ಮನೆಗೆ ಬರುತ್ತಾರೆ. ಫೋಟೊ ತೆಗೆಯುತ್ತಾರೆ. ನನ್ನ ಕೂಡ ಒಂದು ಮಾತಿಲ್ಲ! ಸಾಯುವಾಗಲೂ ಹೇಳದೆ ಹೋದರು. ಈಗಾದರೂ ಒಂದು ಮಾತು ಬೇಕಿತ್ತು ನನಗೆ. ಏನಾದರೂ ಸರಿ. ಸಾರಿಗೆ ಉಪ್ಪು ಕಡಿಮೆ ಅಂದಿದ್ದರೂ ಸಾಕಿತ್ತು.

ಬೆಳಿಗ್ಗೆ ಅವರ ಮುಂದೆ ಚಹಾ ಇಟ್ಟೆ. ಎರಡು ಚಮಚ ಸಕ್ಕರೆ ಹಾಕಿದೆ. (ಸಕ್ಕರೆ ಕಾಯಿಲೆ ಅಂತ ಬದುಕಿದ್ದಾಗ ಕಾಳೂ ಕೊಟ್ಟಿರಲಿಲ್ಲ. ಇನ್ನೇನು ಮಾಡುತ್ತದೆ ಅದು?) ಸೆರಗು ಹೊದ್ದು, ಫೋನು ಒರೆಸಿ, ವಿಭೂತಿ ಎಳೆದು, ಕಣ್ಣು ಮುಚ್ಚಿದೆ.

"ಬಂದೀರಿ ಅಂದ್ರ ಒಂದ್ ಮಾತ ಆಡ್ರಿ," ಅಂದೆ.

ಫಳ್ ಎಂದು ಮಿಂಚಿತು.

"ಅವ್ವಾ, ಬಂತು!" ಹಿಂದಿನಿಂದ ನೀಲಾ ಚೀರಿದಳು. ಲ್ಯಾಪ್‌ಟಾಪಿನಲ್ಲಿ ಹೊಸ ಫೋಟೊ. ಅದರ ಹೊಟ್ಟೆ ಬಗೆದಳು. "ಟೈಮು ಈಗಿಂದ. ಫ್ಲ್ಯಾಶ್ ಹತ್ತೇತಿ ಅಂತ ಐತಿ..." ನಿಲ್ಲಿಸಿದಳು. ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಫೋನು ನೋಡಿದಳು.

"ಅವ್ವಾ, ಹೆಬ್ಬೆರಳ ತೋರ್ಸ."

ತೋರಿಸಿದೆ. ಉಗುರಿನ ಕೆಳಗೆ ರೊಟ್ಟಿ ಹಂಚು ಸುಟ್ಟ ಗುರುತು. ಫೋಟೊದ ಬೆರಳಿಗೂ ಅದೇ ಗುರುತು.

"ದೆವ್ವ ನೀನ!" ಅಂದು ನೆಲಕ್ಕೆ ಬಿದ್ದು ನಕ್ಕಳು.

ಒರೆಸುವಾಗ ಬದಿಯ ಗುಂಡಿ ಎರಡು ಸಲ ಒತ್ತಿಹೋಗಿ ಕ್ಯಾಮೆರಾ ತೆರೆಯುತ್ತಿತ್ತಂತೆ. ಬಿಗಿ ಹಿಡಿದು ಕಣ್ಣು ಮುಚ್ಚಿದಾಗ ಇನ್ನೊಂದು ಗುಂಡಿ ಒತ್ತಿಹೋಗಿ ಫೋಟೊ ಬೀಳುತ್ತಿತ್ತಂತೆ. ಹೊಗೆ ಅಂದರೆ ವಿಭೂತಿ. ತಲೆಯ ಬಟ್ಟೆ ನನ್ನ ಸೆರಗು. ಕಣ್ಣಿಲ್ಲದ ಭೂತ ಸಾಕ್ಷಾತ್ ನಾನು. ಇಷ್ಟು ವರ್ಷ ಸಂಸಾರ ಮಾಡಿ ಅವರ ಬೆರಳು ಯಾವುದು, ನನ್ನದು ಯಾವುದು ತಿಳಿಯಲಿಲ್ಲ.

ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಚಹಾ ನೋಡಿದೆ. ಕೆನೆ ಕಟ್ಟಿತ್ತು. ಯಾರೂ ಕುಡಿದಿರಲಿಲ್ಲ.

ನೀಲಾ ಕಣ್ಣು ಒರೆಸಿಕೊಂಡಳು. "ಆ ಗುಂಡಿ ಬಂದ್ ಮಾಡ್ಲೇನ?"

"ಬ್ಯಾಡ."

"ಹಂಗಾರ ಕ್ಯಾಮೆರಾದ ಒಂದ್ ಕಣ್ಣಿಗರ ವಿಭೂತಿ ಹಚ್ಚಬ್ಯಾಡ. ನಿನ್ನ ಮಾರಿ ಕಾಣ್ಲಿ. ಬೆರಳೂ ಅಡ್ಡ ತರಬ್ಯಾಡ."

ಈಗಲೂ ಬೆಳಿಗ್ಗೆ ಸೆರಗು ಹೊದ್ದು ಫೋನು ಒರೆಸುತ್ತೇನೆ. ಒಂದು ಕಣ್ಣು ಬಿಟ್ಟು ವಿಭೂತಿ ಎಳೆಯುತ್ತೇನೆ. ಅಲ್ಲಿ ಖಾನಾಪುರದಲ್ಲಿ ಮಗಳು ಕಾಯುತ್ತಿರುತ್ತಾಳೆ. ಮಿಂಚುವ ಮೊದಲು ಹೆಬ್ಬೆರಳನ್ನು ಮೂಲೆಗೆ ತಂದು ಇಡುತ್ತೇನೆ.